ಫ್ರಾನ್ಸಿನ ರೈಲು ಹತ್ತೋಕೆ ಎಷ್ಟು ಫ್ರೆಂಚ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಲಿಯೋಂ, ತುಲೂಸ್, ಗ್ರೆನೋಬ್ಲ್ ಕಡೆ ಓದೋಕೆ ಬರುವ ಹುಡುಗರು, ಆಫೀಸ್ ಕೆಲಸದ ಮೇಲೆ ಬರುವವರು, ಮಕ್ಕಳ ಮನೆಗೆ ಬರುವ ಅಪ್ಪ-ಅಮ್ಮಂದಿರು. ಇವರೆಲ್ಲ ಫೋನಿನಲ್ಲಿ, ಪತ್ರದಲ್ಲಿ, ಊಟಕ್ಕೆ ಕೂತಾಗ ಸುತ್ತಿ ಬಳಸಿ ಕೇಳೋದು ಇವೇ ಪ್ರಶ್ನೆಗಳನ್ನ. ಸುಲಭದವು ಮೊದಲು, ತಲೆ ತಿನ್ನುವವು ಆಮೇಲೆ ಇವೆ. ಫ್ರೆಂಚ್ ಮಾತುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ.

## ಹೊರಡುವ ಮುಂಚೆ

ಫ್ರೆಂಚ್ ಒಂದಕ್ಷರ ಬರಲ್ಲ. ರೈಲಲ್ಲಿ ಓಡಾಡೋಕೆ ಆಗುತ್ತಾ?

ಧಾರಾಳವಾಗಿ ಆಗುತ್ತೆ. ಟಿಕೆಟ್ ಫೋನಿನಲ್ಲೇ ಕೊಳ್ಳಬಹುದು. ಸ್ಟೇಷನ್ನಿನ ಟಿಕೆಟ್ ಮಶೀನಿನಲ್ಲಿ ಇಂಗ್ಲಿಷ್ ಇದೆ. ದೊಡ್ಡ ಊರುಗಳ ಸಿಬ್ಬಂದಿಗೆ ಒಂದಿಷ್ಟು ಇಂಗ್ಲಿಷ್ ಬರುತ್ತೆ. ಎಲ್ಲ ಸರಿಯಾಗಿ ನಡೆದ ದಿನ ಬಾಯಿ ಬಿಡದೆಯೇ ಪ್ಯಾರಿಸ್‌ನಿಂದ ಮಾರ್ಸೆಗೆ ಹೋಗಿ ಇಳಿಯಬಹುದು.

ಭಾಷೆ ಬೇಕಾಗೋದು ಏನಾದರೂ ಏರುಪೇರಾದ ದಿನ. ಪ್ಲಾಟ್‌ಫಾರ್ಮ್ ಕೊನೇ ಗಳಿಗೆಯಲ್ಲಿ ಬದಲಾಗುತ್ತೆ, ರೈಲು ಹೊಲದ ಮಧ್ಯೆ ನಿಂತುಬಿಡುತ್ತೆ, ಸಣ್ಣ ಊರಿನ ಕೌಂಟರ್ ಮುಚ್ಚಿರುತ್ತೆ. ಆಗ ನೀವೇನು ಮಾತಾಡಿದಿರಿ ಅನ್ನೋದಕ್ಕಿಂತ ಮೈಕಿನಲ್ಲಿ ಬಂದ ಯಾವ ಪದ ನಿಮ್ಮ ಕಿವಿಗೆ ಬಿತ್ತು ಅನ್ನೋದೇ ಮುಖ್ಯ. ಹಾಗಾಗಿ ಬಾಯಿಗಿಂತ ಮೊದಲು ಕಿವಿ ತಯಾರು ಮಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಒಂದೇ ಒಂದು ಪದ ಕಲೀತೀನಿ. ಯಾವುದು ಹೇಳಿ.

‘ಬೋಂಝೂರ್’. ನಮಸ್ಕಾರ ಅಂತ. ಸಂಜೆಯಾದ ಮೇಲೆ ‘ಬೋಂಸ್ವಾರ್’.

ಇದನ್ನು ಹೇಳದೆ ನೇರವಾಗಿ ವಿಷಯಕ್ಕೆ ಹೋಗಬಾರದು. ನಮ್ಮ ಕಡೆ ಕೌಂಟರ್ ಮುಂದೆ ನಿಂತು ‘ಮೈಸೂರು ಎರಡು’ ಅಂದರೆ ಯಾರೂ ತಪ್ಪು ತಿಳಿಯಲ್ಲ. ಅಲ್ಲಿ ಹಾಗೆ ಶುರು ಮಾಡಿದರೆ ಎದುರಿಗಿರುವವರು ನಿಮ್ಮ ಮುಖ ನೋಡಿ, ನಿಧಾನವಾಗಿ, ಸ್ವಲ್ಪ ಒತ್ತಿ ‘ಬೋಂಝೂರ್’ ಅನ್ನುತ್ತಾರೆ. ಮೊದಲು ನಮಸ್ಕಾರ, ಆಮೇಲೆ ಮಾತು ಅಂತ ಅದರ ಅರ್ಥ. ಮೊದಲೇ ನೀವು ‘ಬೋಂಝೂರ್ ಮದಾಮ್’ ಅಥವಾ ‘ಬೋಂಝೂರ್ ಮೊಸ್ಯೊ’ ಅಂದುಬಿಟ್ಟರೆ, ಮುಂದಿನದು ಇಂಗ್ಲಿಷಿನಲ್ಲಿದ್ದರೂ ಸಹಿಸಿಕೊಳ್ಳುತ್ತಾರೆ. ‘ಫ್ರೆಂಚರಿಗೆ ಜಂಬ’ ಅಂತ ದೂರುವವರಲ್ಲಿ ಅರ್ಧ ಜನ ಈ ಒಂದು ಪದ ಬಿಟ್ಟವರೇ ಅಂತ ನನ್ನ ಗುಮಾನಿ.

ಕೊನೆಗೆ ‘ಮೆರ್ಸಿ, ಓ ರೆವ್ವಾರ್’. ಥ್ಯಾಂಕ್ಸ್, ಬರ್ತೀನಿ ಅಂತ.

ಕನ್ನಡದಲ್ಲಿ ಬರೆದಿದ್ದನ್ನ ಹಾಗೇ ಓದಿದ್ರೆ ಅವರಿಗೆ ಅರ್ಥ ಆಗುತ್ತಾ?

ಬಹುಮಟ್ಟಿಗೆ ಆಗುತ್ತೆ. ನಮಗೆ ಒಂದು ಅನುಕೂಲವೂ ಇದೆ. ಫ್ರೆಂಚಿನ ತ, ದ ನಮ್ಮ ತ, ದ ಥರವೇ, ನಾಲಗೆ ಹಲ್ಲಿಗೆ ತಾಗಬೇಕು. ಪ, ಕ ಕೂಡ ಉಸಿರು ಚೆಲ್ಲದೆ ಹೇಳುವಂಥವು. ಇಂಗ್ಲಿಷ್ ಗುಂಗಿನಲ್ಲಿ ‘ಟ’, ‘ಡ’ ಮಾಡಿದರೆ ಕೆಡುತ್ತೆ. ರೈಲಿಗೆ ‘ತ್ರ್ಯಾಂ’ ಅನ್ನಿ, ‘ಟ್ರೈನ್’ ಬೇಡ.

ಐದು ವಿಷಯ ಗಮನದಲ್ಲಿರಲಿ. ಪದದ ಕೊನೆಯ ಸೊನ್ನೆಗೆ ತುಟಿ ಮುಚ್ಚಬೇಡಿ, ಸದ್ದನ್ನು ಮೂಗಿನಲ್ಲಿ ಬಿಡಿ. ‘ಝ’ ಅಂತ ಬರೆದಿರೋದು ‘ಟೆಲಿವಿಷನ್’ ಪದದ ನಡುವೆ ಇಂಗ್ಲಿಷಿನವರು ಹೇಳುವ ಮೆತ್ತನೆ ಸದ್ದು. ‘ಜ಼’ ಅಂದರೆ ‘ಜ಼ೂ’ದಲ್ಲಿರುವುದು. ‘ಯು’ ಬಂದ ಕಡೆ ಒಳಗೆ ‘ಈ’ ಅನ್ನುತ್ತಾ ತುಟಿ ಮಾತ್ರ ‘ಊ’ ಮಾಡಿ. ‘ರ’ ಗಂಟಲಿನಿಂದ ಬರಬೇಕು. ಬರದಿದ್ದರೆ ನಮ್ಮ ‘ರ’ವನ್ನೇ ಹೇಳಿ, ಅರ್ಥವಾಗುತ್ತೆ.

‘ನೀವು’ ಅನ್ನೋದಾ ‘ನೀನು’ ಅನ್ನೋದಾ?

ಯಾವಾಗಲೂ ‘ವು’, ಅಂದರೆ ನೀವು. ‘ತ್ಯು’ ಅಂದರೆ ನೀನು, ಅದು ಗೆಳೆಯರಿಗೆ, ಮಕ್ಕಳಿಗೆ. ಇಲ್ಲಿರುವ ಮಾತುಗಳೆಲ್ಲ ‘ವು’ದಲ್ಲೇ ಇವೆ, ಸುಮ್ನೆ ಹಾಗೇ ಬಳಸಿ.

ಟಿಜಿವಿ, ಟಿಇಆರ್, ವಿಗೊ, ಆರ್‌ಇಆರ್ ಅಂತೆಲ್ಲ ಇದೆಯಲ್ಲ, ಯಾವುದು ಏನು?

ಹೆಸರುಗಳನ್ನು ಅವರ ಬಾಯಲ್ಲಿ ಕೇಳೋದಕ್ಕೆ ಸಿದ್ಧರಾಗಿ. ‘ತೇ ಝೇ ವೇ’ ಅಂದರೆ ಟಿಜಿವಿ, ಅತಿವೇಗದ ರೈಲು. 1981ರಲ್ಲಿ ಪ್ಯಾರಿಸ್-ಲಿಯೋಂ ನಡುವೆ ಶುರುವಾಯಿತು. ಈಗ ಹೊಸ ಹಳಿಗಳ ಮೇಲೆ ಗಂಟೆಗೆ 320 ಕಿಲೋಮೀಟರ್‌ವರೆಗೆ ಓಡುತ್ತೆ. ಇದಕ್ಕೆ ಸೀಟು ರಿಸರ್ವ್ ಮಾಡಲೇಬೇಕು. ಇದರ ಮಾಮೂಲಿ ಸೇವೆಯ ಹೆಸರು ‘ಇನ್ವಿ’. ‘ವಿಗೊ’ ಅದರ ಅಗ್ಗದ ತಮ್ಮ, ಲಗೇಜ್ ವಿಷಯದಲ್ಲಿ ಬಿಗಿ, ದೊಡ್ಡ ಸೂಟ್‌ಕೇಸಿಗೆ ಬೇರೆ ದುಡ್ಡು. ‘ತೇ ಅ ಎರ್’ ಅಂದರೆ ಟಿಇಆರ್, ಆಯಾ ಪ್ರಾಂತ್ಯದೊಳಗಿನ ರೈಲು. ‘ಎರ್ ಅ ಎರ್’ ಪ್ಯಾರಿಸ್ ಮತ್ತು ಸುತ್ತಮುತ್ತಲಿನದು. ಹೆಚ್ಚುಕಮ್ಮಿ ಎಲ್ಲದರ ಹಿಂದಿರೋದು ‘ಎಸ್ ಎನ್ ಸೇ ಎಫ್’, ಅಂದರೆ 1938ರಿಂದ ಇರುವ ರಾಷ್ಟ್ರೀಯ ರೈಲ್ವೆ, ಎಸ್‌ಎನ್‌ಸಿಎಫ್.

## ಸ್ಟೇಷನ್ನಿನಲ್ಲಿ

ನನ್ನ ಟಿಕೆಟ್‌ನಲ್ಲಿ ‘ಗಾರ್ ದ ಲಿಯೋಂ’ ಅಂತಿದೆ. ಅದು ಲಿಯೋಂನಲ್ಲಿರೋ ಸ್ಟೇಷನ್ ಅಲ್ವಾ?

ಅಲ್ಲ, ಪ್ಯಾರಿಸ್‌ನಲ್ಲಿರೋದು. ಮೈಸೂರು ರೋಡ್ ಮೆಟ್ರೊ ಸ್ಟೇಷನ್ ಬೆಂಗಳೂರಲ್ಲಿರೋ ಹಾಗೆ. ‘ಗಾರ್’ ಅಂದರೆ ಸ್ಟೇಷನ್. ಲಿಯೋಂ ಊರಿನ ದೊಡ್ಡ ಸ್ಟೇಷನ್ನಿನ ಹೆಸರು ‘ಪಾರ್ ದ್ಯೊ’, ಇನ್ನೊಂದು ‘ಪೆರಾಶ್’.

ಪ್ಯಾರಿಸ್‌ನಲ್ಲಿ ದೂರದ ರೈಲುಗಳ ಸ್ಟೇಷನ್ನುಗಳು ದಿಕ್ಕಿಗೊಂದು ಇವೆ. ಲಿಯೋಂ, ಮಾರ್ಸೆ, ನೀಸ್ ಕಡೆಗೆ ಗಾರ್ ದ ಲಿಯೋಂ. ಲೀಲ್, ಲಂಡನ್, ಬ್ರಸೆಲ್ಸ್‌ಗೆ ‘ಗಾರ್ ದ್ಯು ನೋರ್’. ಸ್ತ್ರಾಸ್‌ಬೂರ್ ಕಡೆಗೆ ‘ಗಾರ್ ದ ಲೆಸ್ತ್’. ಬೋರ್ದೋ, ನಾಂತ್, ರೆನ್‌ಗೆ ‘ಮೋಂಪಾರ್ನಾಸ್’. ನಾರ್ಮಂಡಿಗೆ ‘ಸ್ಯಾಂ ಲಾಜ಼ಾರ್’. ಟ್ಯಾಕ್ಸಿಯವನಿಗೆ ‘ಟ್ರೈನ್ ಸ್ಟೇಷನ್’ ಅಂದರೆ ‘ಯಾವುದು?’ ಅಂತಲೇ ಕೇಳುತ್ತಾನೆ. ಪೂರ್ತಿ ಹೆಸರು ಹೇಳಿ: ‘ಬೋಂಝೂರ್, ಗಾರ್ ದ ಲೆಸ್ತ್, ಸಿಲ್ ವು ಪ್ಲೆ’. ‘ಸಿಲ್ ವು ಪ್ಲೆ’ ಅಂದರೆ ದಯವಿಟ್ಟು. ಪ್ರತಿ ಮಾತಿನ ಬಾಲಕ್ಕೂ ಅದನ್ನು ಕಟ್ಟಿ.

ಪ್ಲಾಟ್‌ಫಾರ್ಮ್ ನಂಬರ್ ಟಿಕೆಟ್‌ನಲ್ಲಿ ಯಾಕಿಲ್ಲ? ಯಾರನ್ನ ಕೇಳೋದು?

ಟಿಕೆಟ್‌ನಲ್ಲಿ ಇರೋದೇ ಇಲ್ಲ. ದೊಡ್ಡ ಸ್ಟೇಷನ್ನುಗಳಲ್ಲಿ ಹೊರಡೋಕೆ ಸುಮಾರು 20 ನಿಮಿಷ ಮುಂಚೆ ಬೋರ್ಡಿನಲ್ಲಿ ಬರುತ್ತೆ. ಗಾರ್ ದ ಲಿಯೋಂನಲ್ಲಿ ಶುಕ್ರವಾರ ಸಂಜೆ ನಿಂತು ನೋಡಿ. ನೂರಾರು ಜನ ಸೂಟ್‌ಕೇಸ್ ಹಿಡಿಕೆ ಹಿಡಿದು, ಕತ್ತೆತ್ತಿ, ಬೋರ್ಡನ್ನೇ ನೋಡುತ್ತಿರುತ್ತಾರೆ. ಒಂದು ಅಕ್ಷರ ಮೂಡಿದ್ದೇ ತಡ, ಗುಂಪಿನ ಒಂದು ಭಾಗ ಒಟ್ಟಿಗೆ ಹೊರಡುತ್ತೆ. ನೀವೂ ಅವರ ಜೊತೆ ಹೊರಡಬೇಕು, ಯಾಕಂದರೆ ಟಿಜಿವಿ ಬಾಗಿಲು ಹೊರಡುವ 2 ನಿಮಿಷ ಮೊದಲೇ ಮುಚ್ಚುತ್ತೆ. ಓಡಿ ಬಂದು ಕಂಬಿ ಹಿಡಿದು ಹತ್ತುವ ಆಟ ಅಲ್ಲಿ ನಡೆಯಲ್ಲ.

ಪ್ಲಾಟ್‌ಫಾರ್ಮಿಗೆ ಎರಡು ಪದ. ‘ವ್ವಾ’ ಅಂದರೆ ಹಳಿ, ನಂಬರ್ ಇರೋದು ಇದಕ್ಕೆ. ‘ಕೆ’ ಅಂದರೆ ಜನ ನಿಲ್ಲುವ ಕಟ್ಟೆ. ಕೇಳೋದು ಹೀಗೆ:

‘ಲ ತ್ರ್ಯಾಂ ಪೂರ್ ದಿಝೋಂ, ಸೆ ಕೆಲ್ ವ್ವಾ, ಸಿಲ್ ವು ಪ್ಲೆ?’ — ದಿಝೋಂ ರೈಲು ಯಾವ ಪ್ಲಾಟ್‌ಫಾರ್ಮ್?

ಬೋರ್ಡಿನಲ್ಲಿ ‘ವ್ವಾ’ವನ್ನು ವಿ-ಒ-ಐ-ಇ ಅಂತ ಬರೆದಿರುತ್ತಾರೆ. ಹೊರಗೆ ಹೋಗುವ ದಾರಿ ‘ಸೋರ್ತಿ’, ಅದು ಎಸ್-ಒ-ಆರ್-ಟಿ-ಐ-ಇ.

‘ವ್ವಾ ಝೇ’ ಅಂದ್ರು, ನಾನು ಜೆ ಹುಡುಕ್ತಾ ಹೋದೆ. ಅದು ಜಿ ಅಂತೆ. ಇದೇನು ಕಥೆ?

ಇಂಗ್ಲಿಷ್ ಬಲ್ಲವರೆಲ್ಲ ಬೀಳುವ ಹಳ್ಳ ಇದು. ಫ್ರೆಂಚಿನಲ್ಲಿ ಜಿ ಅಕ್ಷರಕ್ಕೆ ‘ಝೇ’, ಜೆ ಅಕ್ಷರಕ್ಕೆ ‘ಝೀ’. ಪೂರಾ ಉಲ್ಟಾ. ಹಾಗೇ ಐ ಅಕ್ಷರಕ್ಕೆ ‘ಈ’, ಇ ಅಕ್ಷರಕ್ಕೆ ‘ಅ’. ಗಾರ್ ದ ಲಿಯೋಂನ ಮೊದಲ ಹಾಲ್‌ನಲ್ಲಿ ಪ್ಲಾಟ್‌ಫಾರ್ಮುಗಳಿಗೆ ಎ-ಯಿಂದ ಎನ್-ವರೆಗೆ ಅಕ್ಷರಗಳೇ ಇರೋದು, ಎರಡನೇ ಹಾಲ್‌ನಲ್ಲಿ ನಂಬರುಗಳು. ಈ ನಾಲ್ಕು ಅಕ್ಷರಗಳನ್ನಾದರೂ ಬಾಯಿಪಾಠ ಮಾಡಿ. ಅನುಮಾನ ಬಂದರೆ ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿ. ಯಾರೂ ನಗಲ್ಲ.

ಕೌಂಟರ್‌ನಲ್ಲಿ ಟಿಕೆಟ್ ಕೇಳೋದು ಹೇಗೆ?

ಕೌಂಟರಿಗೆ ‘ಗಿಶೆ’, ಟಿಕೆಟ್‌ಗೆ ‘ಬಿಯೆ’. ಅಲ್ಲಿ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತೆ:

— ಬೋಂಝೂರ್ ಮದಾಮ್. ಆ್ಯಂ ನಲೇ ಸ್ಯಾಂಪ್ಲ್ ಪೂರ್ ಅನ್ಸಿ, ಸಿಲ್ ವು ಪ್ಲೆ. (ಅನ್ಸಿ ಊರಿಗೆ ಒಂದು, ಹೋಗೋದು ಮಾತ್ರ.)
— ಪೂರ್ ಓಝೂರ್ದ್ವಿ? (ಇವತ್ತಿಗಾ?)
— ವಿ. (ಹೌದು.)
— ಪ್ರಮ್ಯೆರ್ ಊ ಸಗೋಂದ್? (ಫಸ್ಟ್ ಕ್ಲಾಸಾ, ಸೆಕೆಂಡಾ?)
— ಸಗೋಂದ್. (ಸೆಕೆಂಡ್.)

ಹೋಗಿಬರೋಕೆ ‘ಆ್ಯಂ ನಲೇ ರೆತೂರ್’. ಇಬ್ಬರಿಗೆ ‘ದೊ ಬಿಯೆ’. ನಾಳೆಗೆ ‘ಪೂರ್ ದೆಮ್ಯಾಂ’. ಟಿಜಿವಿ ದರ ವಿಮಾನದ ಟಿಕೆಟ್‌ನಂತೆ ಏರಿಳಿಯುತ್ತೆ, ಹಾಗಾಗಿ ಅದನ್ನು ವಾರಗಳ ಮುಂಚೆಯೇ ಫೋನಿನಲ್ಲಿ ಕೊಳ್ಳಿ. ಕೌಂಟರಿನ ಈ ಮಾತುಕತೆ ಹೆಚ್ಚಾಗಿ ಟಿಇಆರ್‌ಗೆ.

ಕೈಗೆ ಕಾಗದದ ಟಿಕೆಟ್ ಬಂದರೆ ಒಂದು ಪ್ರಶ್ನೆ ಜಾಸ್ತಿ ಕೇಳಿ: ‘ಇಲ್ ಫೋ ಕೋಂಪೋಸ್ತೆ?’ ಅಂದರೆ ಹತ್ತುವ ಮುಂಚೆ ಮಶೀನಿಗೆ ಹಾಕಿ ಮುದ್ರೆ ಒತ್ತಿಸಬೇಕಾ? ಹಳದಿ ಬಣ್ಣದ ಆ ಮಶೀನು ಒಂದು ಕಾಲಕ್ಕೆ ಎಲ್ಲ ಸ್ಟೇಷನ್ನಿನಲ್ಲೂ ಇತ್ತು, ಈಗ ಕಡಿಮೆಯಾಗಿದೆ. ಫೋನಿನಲ್ಲಿರುವ ಟಿಕೆಟ್‌ಗೆ ಇದು ಬೇಡ.

ಟೈಮ್ ಹೇಳಿದ್ರೆ ಅರ್ಥನೇ ಆಗಲ್ಲ. ಏನಾದ್ರೂ ಉಪಾಯ ಇದೆಯಾ?

ರೈಲಿನವರ ಗಡಿಯಾರ 24 ಗಂಟೆಯದು. ಮಧ್ಯಾಹ್ನ ಎರಡೂವರೆ ಅಂದರೆ ‘ಕತೋರ್ಜ಼್ ಒರ್ ತ್ರಾಂತ್’, 14:30. ‘ಒರ್’ ಅಂದರೆ ಗಂಟೆ. ಅದರ ಹಿಂದಿರೋದು ಗಂಟೆ, ಮುಂದಿರೋದು ನಿಮಿಷ.

ಕಿವಿಗೆ ಮೋಸ ಮಾಡುವ ಎರಡು ಜೋಡಿಗಳಿವೆ. ‘ದೊಜ಼ೊರ್’ ಅಂದರೆ 2 ಗಂಟೆ, ‘ದೂಜ಼ೊರ್’ ಅಂದರೆ 12 ಗಂಟೆ. ಇನ್ನೊಂದು ‘ತ್ರೆಜ಼್’ 13, ‘ಸೆಜ಼್’ 16. ಮೊದಲ ಜೋಡಿ ರೈಲಿನಲ್ಲಿ ಅಷ್ಟು ಕಾಡಲ್ಲ, ಹಗಲಿನ ಎರಡು ಗಂಟೆಯನ್ನು ಅವರು 14 ಅಂತಲೇ ಹೇಳುತ್ತಾರೆ. ಎರಡನೆಯದು ಕಾಡುತ್ತೆ. 13:05ರ ರೈಲನ್ನು 16:05 ಅಂದುಕೊಂಡು ಊಟಕ್ಕೆ ಹೋದವರಿದ್ದಾರೆ.

ಉಪಾಯ ಅಂದರೆ ಬರೆಸಿಕೊಳ್ಳೋದು. ‘ವು ಪುವೆ ಲೆಕ್ರೀರ್, ಸಿಲ್ ವು ಪ್ಲೆ?’ — ಬರೆದು ಕೊಡ್ತೀರಾ? ಫೋನನ್ನೋ ಚೀಟಿಯನ್ನೋ ಮುಂದೆ ಹಿಡಿಯಿರಿ. ಈ ಇಡೀ ಪುಟದಲ್ಲಿ ‘ಬೋಂಝೂರ್’ ಬಿಟ್ಟರೆ ಅತಿ ಹೆಚ್ಚು ಕೆಲಸಕ್ಕೆ ಬರುವ ಮಾತು ಇದೇ. ಒಂದು ಎಚ್ಚರ: ಅವರ ಕೈಬರಹದ 1 ನಮ್ಮ ಕಣ್ಣಿಗೆ 7ರ ಹಾಗೆ ಕಾಣಬಹುದು. ಅವರ 7ಕ್ಕೆ ನಡುವೆ ಅಡ್ಡಗೆರೆ ಇರುತ್ತೆ.

ಅಂಕಿಗಳನ್ನ ಎಷ್ಟರವರೆಗೆ ಕಲಿಯಬೇಕು?

20ರವರೆಗೆ ಕೋಚ್ ಮತ್ತು ಪ್ಲಾಟ್‌ಫಾರ್ಮಿಗೆ, 59ರವರೆಗೆ ಸಮಯಕ್ಕೆ. ‘ಆ್ಯಂ, ದೊ, ತ್ರ್ವಾ, ಕಾತ್ರ್, ಸ್ಯಾಂಕ್, ಸಿಸ್, ಸೆತ್, ವೀತ್, ನೊಫ್, ದಿಸ್’ — ಇದು 1ರಿಂದ 10. ಮುಂದೆ ‘ಓಂಜ಼್, ದೂಜ಼್, ತ್ರೆಜ಼್, ಕತೋರ್ಜ಼್, ಕ್ಯಾಂಜ಼್, ಸೆಜ಼್’, 16ರವರೆಗೆ. ಆಮೇಲೆ ಹತ್ತಕ್ಕೆ ಏಳು, ಎಂಟು, ಒಂಬತ್ತು ಸೇರಿಸೋದು: ‘ದಿಸೆತ್, ದಿಜ಼್ವೀತ್, ದಿಜ಼್‌ನೊಫ್’. ‘ವ್ಯಾಂ’ 20, ‘ತ್ರಾಂತ್’ 30, ‘ಕರಾಂತ್’ 40, ‘ಸ್ಯಾಂಕಾಂತ್’ 50.

60ರ ಮೇಲೆ ಲೆಕ್ಕದ ಕ್ಲಾಸು ಶುರು. 70 ಅಂದರೆ ಅರವತ್ತು-ಹತ್ತು, ‘ಸ್ವಾಸಾಂತ್ ದಿಸ್’. 80 ಅಂದರೆ ನಾಲ್ಕು ಇಪ್ಪತ್ತು, ‘ಕಾತ್ರ್ ವ್ಯಾಂ’. 90 ಅಂದರೆ ನಾಲ್ಕು ಇಪ್ಪತ್ತು-ಹತ್ತು. ಇದು ಬೇಕಾಗೋದು ಸೀಟ್ ನಂಬರಿಗೆ, ರೇಟಿಗೆ. ಎರಡೂ ಕಣ್ಣಿಗೆ ಕಾಣುವಂತೆ ಬರೆದಿರುತ್ತೆ, ಹಾಗಾಗಿ ತಲೆ ಕೆಡಿಸಿಕೊಳ್ಳಬೇಡಿ.

ಕಾನ್‌ಗೆ ಟಿಕೆಟ್ ಕೇಳಿದ್ರೆ ಬೇರೆ ಊರಿನದು ಕೊಟ್ರಂತೆ, ಹೌದಾ?

ಆಗಬಹುದಾದ ಎಡವಟ್ಟೇ. ಸಿನಿಮಾ ಉತ್ಸವದ ಊರು ‘ಕಾನ್’, ದಕ್ಷಿಣದ ಸಮುದ್ರ ತೀರದಲ್ಲಿದೆ. ‘ಕಾಂ’ ಅನ್ನೋದು ಉತ್ತರದ ನಾರ್ಮಂಡಿಯ ಊರು. ನೀವು ‘ನ್’ ನುಂಗಿದರೆ ದೇಶದ ಇನ್ನೊಂದು ತುದಿಗೆ ಟಿಕೆಟ್ ಬರುತ್ತೆ. ಮೊದಲನೆಯದಕ್ಕೆ ಗಾರ್ ದ ಲಿಯೋಂ, ಎರಡನೆಯದಕ್ಕೆ ಸ್ಯಾಂ ಲಾಜ಼ಾರ್. ಬರೆದಿದ್ದನ್ನು ಇಂಗ್ಲಿಷ್ ಥರ ಓದಿದರೂ ಕೆಲವು ಊರು ಸಿಗಲ್ಲ. ‘ರೀಮ್ಸ್’ ಅಂತ ಕಾಣುವುದು ‘ರ್ಯಾಂಸ್’, ‘ಮೆಟ್ಜ್’ ಅಂತ ಕಾಣುವುದು ‘ಮೆಸ್’, ‘ಏಂಜರ್ಸ್’ ಅಂತ ಕಾಣುವುದು ‘ಆಂಝೆ’.

## ರೈಲಿನೊಳಗೆ

ಕೋಚ್ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗೋದು ಹೇಗೆ?

ಕೋಚಿಗೆ ‘ವ್ವಾತ್ಯೂರ್’. ‘ವ್ವಾ’ ಅಂತಲೇ ಶುರುವಾಗೋದರಿಂದ ಪ್ಲಾಟ್‌ಫಾರ್ಮ್ ನಂಬರ್ ಜೊತೆ ಕಲಸಿಹೋಗುತ್ತೆ, ಪೂರ್ತಿ ಪದ ಕೇಳಿಸಿಕೊಳ್ಳಿ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ದೊಡ್ಡ ಅಕ್ಷರಗಳ ಗುರುತು ಇರುತ್ತೆ, ಅದು ‘ರೆಪೆರ್’. ಯಾವ ಕೋಚ್ ಯಾವ ಅಕ್ಷರದ ಹತ್ತಿರ ಅಂತ ಪರದೆಯಲ್ಲಿ ತೋರಿಸುತ್ತಾರೆ. ಎರಡಂತಸ್ತಿನ ರೈಲಾದರೆ ‘ಸಾಲ್ ಓತ್’ ಮೇಲೆ, ‘ಸಾಲ್ ಬಾಸ್’ ಕೆಳಗೆ. ಮಂಡಿನೋವಿನವರಿದ್ದರೆ ಬುಕ್ ಮಾಡುವಾಗಲೇ ಕೆಳಗಿನದು ಕೇಳಿ. ಹತ್ತುವ ಮುಂಚೆ ಬಾಗಿಲ ಬಳಿ ನಿಂತವರನ್ನು ಒಂದು ಮಾತು ಕೇಳಿ: ‘ಸೆ ಬ್ಯಾಂ ಲ ತ್ರ್ಯಾಂ ಪೂರ್ ಬ್ರೆಸ್ತ್?’ — ಇದು ಬ್ರೆಸ್ತ್ ರೈಲು ತಾನೇ?

ನನ್ನ ಸೀಟಲ್ಲಿ ಬೇರೆ ಯಾರೋ ಕೂತಿದ್ರೆ?

‘ಎಕ್ಸ್‌ಕ್ಯೂಜ಼ೆ ಮ್ವಾ, ಝ ಕ್ರ್ವಾ ಕ ಸೆ ಮಾ ಪ್ಲಾಸ್.’ ಕ್ಷಮಿಸಿ, ಇದು ನನ್ನ ಸೀಟು ಅನ್ಸುತ್ತೆ. ಆ ‘ಅನ್ಸುತ್ತೆ’ ಬಹಳ ಮುಖ್ಯ, ಅರ್ಧ ಸಲ ಕೋಚ್ ತಪ್ಪಿರೋದು ನಾವೇ. ಟಿಕೆಟ್ ತೋರಿಸುತ್ತಾ ಹೇಳಿ. ಟಿಇಆರ್‌ನಲ್ಲಿ ಸಾಮಾನ್ಯವಾಗಿ ಸೀಟ್ ನಂಬರ್ ಇರಲ್ಲ, ಅಲ್ಲಿ ‘ಸೆ ಲೀಬ್ರ್?’ ಅಂದರೆ ಸಾಕು. ಖಾಲಿ ಇದೆಯಾ ಅಂತ.

ಜಗಳ ಕಾಯೋಕೆ ಬೇಕಾದಷ್ಟು ಫ್ರೆಂಚ್ ಇಲ್ಲಿ ಕೊಟ್ಟಿಲ್ಲ. ಹಾಗಾದರೆ ಟಿಸಿಯನ್ನು ಕರೆಯಿರಿ.

ಟಿಸಿ ಬಂದ್ರೆ ಏನು ಹೇಳ್ತಾರೆ?

ಟಿಸಿಗೆ ‘ಕೋಂತ್ರೋಲೊರ್’. ‘ಬೋಂಝೂರ್, ವೋ ಬಿಯೆ ಸಿಲ್ ವು ಪ್ಲೆ’ ಅನ್ನುತ್ತಾರೆ. ನೀವೂ ಬೋಂಝೂರ್ ಹೇಳಿ ಫೋನ್ ಚಾಚಿ. ಟಿಜಿವಿ ಟಿಕೆಟ್ ಹೆಸರಿನ ಮೇಲಿರುತ್ತೆ, ಪಾಸ್‌ಪೋರ್ಟ್ ಕೈಗೆಟುಕುವಂತಿರಲಿ. ಫೋನ್ ಚಾರ್ಜ್ ಮುಗಿದಿತ್ತು ಅನ್ನೋದು ಅಲ್ಲಿ ನೆಪವಲ್ಲ. ಒಂದು ಪ್ರಿಂಟ್ ಇಟ್ಟುಕೊಳ್ಳಿ.

ಟಿಕೆಟ್ ಇಲ್ಲದೆ ಹತ್ತಿದ್ದರೆ ಅವರು ಬರುವವರೆಗೆ ಕಾಯಬೇಡಿ, ನೀವೇ ಹುಡುಕಿಕೊಂಡು ಹೋಗಿ. ‘ಝೆ ಪಾ ಯು ಲ ತಾಂ ದಾಶ್ತೆ ಮೋಂ ಬಿಯೆ.’ ಟಿಕೆಟ್ ಕೊಳ್ಳೋಕೆ ಟೈಮ್ ಆಗಲಿಲ್ಲ. ಆಗಲೂ ಕೌಂಟರಿಗಿಂತ ಜಾಸ್ತಿ ದುಡ್ಡು ತೆಗೆದುಕೊಳ್ಳುತ್ತಾರೆ. ಅವರೇ ಬಂದು ಹಿಡಿದರೆ ಅದಕ್ಕಿಂತ ಜಾಸ್ತಿ.

ನಾವು ಸಸ್ಯಾಹಾರಿಗಳು. ರೈಲಲ್ಲಿ ಏನು ತಿನ್ನೋದು, ಏನು ಹೇಳೋದು?

ಗಂಡಸರು ‘ಝ ಸ್ವಿ ವೆಝೆತಾರ್ಯಾಂ’, ಹೆಂಗಸರು ‘ಝ ಸ್ವಿ ವೆಝೆತಾರ್ಯೆನ್’. ಅಷ್ಟಕ್ಕೇ ಬಿಡಬೇಡಿ, ಮೀನು ತರಕಾರಿಯ ಜಾತಿ ಅಂದುಕೊಳ್ಳುವವರು ಇದ್ದಾರೆ. ಬಿಡಿಸಿ ಹೇಳಿ: ‘ಸಾಂ ವಿಯಾಂದ್, ಸಾಂ ಪ್ವಾಸೋಂ’, ಮಾಂಸ ಬೇಡ, ಮೀನು ಬೇಡ. ಮೊಟ್ಟೆಯೂ ಬೇಡ ಅಂದರೆ ‘ಸಾಂಜ಼ೊಫ್’. ಸ್ಯಾಂಡ್‌ವಿಚ್ ಮೇಲಿನ ಚೀಟಿಯಲ್ಲಿ ‘ಝಾಂಬೋಂ’ ಇದ್ದರೆ ಹಂದಿ, ‘ತೋಂ’ ಇದ್ದರೆ ಟ್ಯೂನಾ ಮೀನು, ‘ಪುಲೆ’ ಇದ್ದರೆ ಕೋಳಿ. ಚೀಸ್ ‘ಫ್ರೊಮಾಝ್’. ‘ಕೀಶ್ ಲೊರೆನ್’ ನೋಡೋಕೆ ಸಾಧುವಾಗಿರುತ್ತೆ, ಒಳಗೆ ಬೇಕನ್ ಚೂರುಗಳಿರುತ್ತವೆ. ‘ಪ್ವಾಸೋಂ’ ಮೀನಾದರೆ ‘ಬ್ವಾಸೋಂ’ ಅಂದರೆ ಕುಡಿಯೋದು, ಜ್ಯೂಸ್, ಕಾಫಿ ಇತ್ಯಾದಿ. ಅದನ್ನು ಕಂಡು ಗಾಬರಿಯಾಗಬೇಡಿ.

ಮನೆಯಿಂದ ಕಟ್ಟಿಕೊಂಡು ಹೋದರೆ ಯಾರೂ ಬೇಡ ಅನ್ನಲ್ಲ. ಟಿಜಿವಿಯಲ್ಲಿ ಮಧ್ಯಾಹ್ನ ಸುತ್ತ ಎಲ್ಲರೂ ಏನಾದರೂ ಬಿಚ್ಚುತ್ತಾರೆ. ಚಪಾತಿ-ಪಲ್ಯ, ಚಿತ್ರಾನ್ನ ನಡೆಯುತ್ತೆ. ಇಂಗು ಜೋರಾಗಿರುವ ಪುಳಿಯೋಗರೆ ಬಗ್ಗೆ ಪಕ್ಕದವರ ಮುಖ ನೋಡಿ ತೀರ್ಮಾನಿಸಿ.

ಅಪ್ಪ-ಅಮ್ಮ ಇಬ್ರೇ ಏರ್‌ಪೋರ್ಟಿಂದ ರೈಲಲ್ಲಿ ಬರ್ತಾರೆ. ಅವರಿಗೆ ಇಂಗ್ಲಿಷೂ ಅಷ್ಟಕ್ಕಷ್ಟೆ. ಏನು ಕಲಿಸಲಿ?

ಪ್ಯಾರಿಸ್‌ನ ಶಾರ್ಲ್ ದ ಗೋಲ್ ಏರ್‌ಪೋರ್ಟಿನ ಎರಡನೇ ಟರ್ಮಿನಲ್‌ನಲ್ಲೇ ಟಿಜಿವಿ ಸ್ಟೇಷನ್ ಇದೆ. ಲಿಯೋಂ, ಲೀಲ್, ಸ್ತ್ರಾಸ್‌ಬೂರ್‌ನಂಥ ಊರುಗಳಿಗೆ ಅಲ್ಲಿಂದ ನೇರ ರೈಲು ಸಿಗುತ್ತೆ, ಪ್ಯಾರಿಸ್ ಒಳಗೆ ಹೋಗೋದೇ ಬೇಡ. ಬೆಂಗಳೂರಿನ ವಿಮಾನ ತಡವಾಗಿ ಇಳಿಯಬಹುದು, ಇಮಿಗ್ರೇಷನ್ ಸಾಲು ಉದ್ದವಿರಬಹುದು. ಮೂರು ಗಂಟೆಯಾದರೂ ಅಂತರ ಬಿಟ್ಟು ಟಿಕೆಟ್ ಮಾಡಿ.

ಅವರಿಗೆ ಮೂರು ಮಾತು ಸಾಕು. ಬೋಂಝೂರ್. ಮೆರ್ಸಿ. ‘ವು ಪುವೆ ಮೆದೆ, ಸಿಲ್ ವು ಪ್ಲೆ?’, ಸಹಾಯ ಮಾಡ್ತೀರಾ? ಉಳಿದದ್ದನ್ನು ನೀವೇ ಫ್ರೆಂಚಿನಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದು ಕೊಡಿ: ನಮಸ್ಕಾರ, ನಮಗೆ ಫ್ರೆಂಚ್ ಬರಲ್ಲ, ನಾವು ಲಿಯೋಂ ಪಾರ್ ದ್ಯೊದಲ್ಲಿ ಇಳೀಬೇಕು, ಸ್ಟೇಷನ್ ಬರೋ ಮುಂಚೆ ಹೇಳ್ತೀರಾ, ನಮ್ಮ ಮಗಳ ನಂಬರ್ ಇದು. ಪಕ್ಕದ ಸೀಟಿನವರಿಗೆ ತೋರಿಸಿದರೆ ಸೂಟ್‌ಕೇಸ್ ಇಳಿಸಿಕೊಟ್ಟು ಹೋಗುವವರು ಸಿಗುತ್ತಾರೆ. ಸೂಟ್‌ಕೇಸಿನ ಮೇಲೆ ಹೆಸರಿನ ಚೀಟಿ ಇರಲೇಬೇಕು, ಅದು ಅಲ್ಲಿನ ನಿಯಮ. ವೀಲ್‌ಚೇರ್ ಬೇಕಿದ್ದರೆ ಮೊದಲೇ ಬುಕ್ ಮಾಡಿ, ಸ್ಟೇಷನ್ನಿಗೆ ಹೋದ ಮೇಲೆ ಕೇಳಿದರೆ ಕಷ್ಟ.

## ಏರುಪೇರಾದಾಗ

ಮೈಕಲ್ಲಿ ಪಟಪಟ ಅಂತ ಏನೋ ಹೇಳ್ತಾರೆ. ಅದರಲ್ಲಿ ಯಾವ ಪದಕ್ಕೆ ಕಿವಿಗೊಡಬೇಕು?

ಮೊದಲು ನಾಲ್ಕು ಸ್ವರದ ಸಣ್ಣ ರಾಗ, ಆಮೇಲೆ ಒಬ್ಬ ಹೆಂಗಸಿನ ದನಿ. 1981ರಿಂದ ಆ ದನಿ ಸಿಮೋನ್ ಎರೋ ಎಂಬವರದು. ಅವರ ಮಾತಿನ ತುಣುಕುಗಳನ್ನು ರೆಕಾರ್ಡ್ ಮಾಡಿಟ್ಟು ಜೋಡಿಸುತ್ತಾರೆ. ಹಾಗಾಗಿ ವಾಕ್ಯದ ಅಚ್ಚು ಬದಲಾಗೋದೇ ಇಲ್ಲ, ಊರು, ನಂಬರ್, ಸಮಯ ಮಾತ್ರ ಬದಲಾಗುತ್ತೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ.

‘ಆ ದೆಸ್ತಿನಾಸ್ಯೋಂ ದ’ ಆದ ಮೇಲೆ ಬರೋದು ರೈಲು ಹೋಗುವ ಊರು. ‘ಆಂ ಪ್ರೊವ್‌ನಾಂಸ್ ದ’ ಆದ ಮೇಲೆ ಬರೋದು ಅದು ಹೊರಟು ಬಂದ ಊರು. ಈ ಎರಡನ್ನು ಅದಲುಬದಲು ಮಾಡಿಕೊಂಡರೆ ಬಂದ ರೈಲನ್ನೇ ಹತ್ತಿ ಕೂರುತ್ತೀರಿ. ‘ವ್ವಾ’ ಕೇಳಿಸಿದ ತಕ್ಷಣ ಕಿವಿ ನಿಮಿರಲಿ, ಮುಂದಿನದು ನಂಬರು. ‘ರೆತಾರ್’ ಅಂದರೆ ತಡ. ‘ಸ್ಯುಪ್ರಿಮೆ’ ಅಂದರೆ ರದ್ದು. ‘ಆ ಲೊರ್’ ಅಂದರೆ ಸರಿಯಾದ ಸಮಯಕ್ಕ‌ೆ. ‘ಆಂ ರೆಜ಼ೋಂ ದ’ ಅಂದರೆ ‘ಇಂಥ ಕಾರಣದಿಂದ’. ಅದು ಕೇಳಿಸಿತು ಅಂದರೆ ಏನೋ ಕೆಟ್ಟ ಸುದ್ದಿಯೇ, ಒಳ್ಳೇ ಸುದ್ದಿಗೆ ಯಾರೂ ಕಾರಣ ಕೊಡಲ್ಲ. ಕಾರಣದಲ್ಲಿ ‘ಆಕ್ಸಿದಾಂ ದ ಪೆರ್ಸೊನ್’ ಅಂತ ಬಂದರೆ ಹಳಿಯ ಮೇಲೆ ಯಾರಿಗೋ ರೈಲು ಬಡಿದಿದೆ ಅಂತ. ಅಂಥ ದಿನ ಗಂಟೆಗಟ್ಟಲೆ ಕಾಯೋಕೆ ಸಿದ್ಧರಾಗಿ, ಗೊಣಗಬೇಡಿ.

ರೈಲು ಮಧ್ಯದಲ್ಲಿ ನಿಂತು ‘ಪ್ಲೆನ್ ವ್ವಾ’ ಅಂದ್ರು. ಪ್ಲಾಟ್‌ಫಾರ್ಮ್ ಬಂತು ಅಂತ ಅಂದುಕೊಂಡೆ.

‘ಆಂ ಪ್ಲೆನ್ ವ್ವಾ’ ಅಂದರೆ ನಡು ಹಳಿಯಲ್ಲಿ, ಸ್ಟೇಷನ್ ಅಲ್ಲದ ಕಡೆ. ಮುಂದೆ ಬರುವ ಮಾತು ಬಾಗಿಲು ತೆಗೆಯಲು ಹೋಗಬೇಡಿ ಅಂತ. ಅದರಲ್ಲಿ ‘ಲೆ ಪೋರ್ತ್’, ಅಂದರೆ ಬಾಗಿಲುಗಳು, ಅಂತ ಕೇಳಿಸುತ್ತೆ. ಕೂತಲ್ಲೇ ಕೂರಿ.

ಮೊದಲ ರೈಲು ಲೇಟಾಗಿ ಎರಡನೇದು ತಪ್ಪಿಹೋಯ್ತು. ಏನ್ ಹೇಳಲಿ?

‘ಝೆ ರಾತೆ ಮಾ ಕೊರೆಸ್ಪೋಂದಾಂಸ್.’ ನನ್ನ ಮುಂದಿನ ರೈಲು ತಪ್ಪಿತು. ‘ಕೊರೆಸ್ಪೋಂದಾಂಸ್’ ಅಂದರೆ ಬದಲಿಸಿ ಹತ್ತುವ ರೈಲು. ಎರಡೂ ಪ್ರಯಾಣ ಒಂದೇ ಬುಕಿಂಗ್‌ನಲ್ಲಿದ್ದರೆ ಮುಂದಿನ ರೈಲಿಗೆ ಹಾಕಿಕೊಡಿ ಅಂತ ಕೇಳಲು ಗಟ್ಟಿ ಆಧಾರ ಇರುತ್ತೆ. ಹತ್ತಿಪ್ಪತ್ತು ಯೂರೊ ಉಳಿಸೋಕೆ ಬೇರೆ ಬೇರೆ ಕೊಂಡಿದ್ದರೆ ಮಾತು ಕಷ್ಟ. ‘ಲ ಪ್ರೊಶ್ಯಾಂ ತ್ರ್ಯಾಂ, ಸೆ ಆ ಕೆಲೊರ್?’ — ಮುಂದಿನ ರೈಲು ಎಷ್ಟು ಗಂಟೆಗೆ?

ತಪ್ಪು ರೈಲು ಹತ್ತಿದ್ದರೆ ‘ಝ ಮ ಸ್ವಿ ತ್ರೋಂಪೆ ದ ತ್ರ್ಯಾಂ’. ಟಿಸಿಗೆ ಬೇಗ ಹೇಳಿ.

ರೈಲು ಲೇಟಾದ್ರೆ ದುಡ್ಡು ವಾಪಸ್ ಕೊಡ್ತಾರಂತೆ, ನಿಜಾನಾ?

ನಿಜ. ಟಿಜಿವಿ ಇನ್ವಿ ಮತ್ತು ಅಂತರ್‌ನಗರ ರೈಲುಗಳಲ್ಲಿ 30 ನಿಮಿಷ ದಾಟಿದರೆ ಟಿಕೆಟ್ ಬೆಲೆಯ 25%, ಎರಡು ಗಂಟೆ ದಾಟಿದರೆ 50%, ಮೂರು ಗಂಟೆ ದಾಟಿದರೆ 75%. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಈ ಲೆಕ್ಕ ವಿಗೊ, ಟಿಇಆರ್‌ಗಳಿಗೆ ಅನ್ವಯಿಸಲ್ಲ.

ಸ್ಟ್ರೈಕ್ ಬಗ್ಗೆ ಭಯ ಇದೆ. ಮುಂಚೆ ಗೊತ್ತಾಗುತ್ತಾ?

ಸ್ಟ್ರೈಕಿಗೆ ‘ಗ್ರೆವ್’. 2007ರ ಕಾನೂನಿನ ಪ್ರಕಾರ ಯಾವ ರೈಲು ಓಡುತ್ತೆ ಅಂತ ಪ್ರಯಾಣಿಕರಿಗೆ 24 ಗಂಟೆ ಮುಂಚೆ ತಿಳಿಸಬೇಕು. ಹಿಂದಿನ ಸಂಜೆ ರೈಲ್ವೆ ಆ್ಯಪ್ ನೋಡಿ. ‘ಗ್ರೆವ್’ ದಿನವೂ ಒಂದಷ್ಟು ರೈಲು ಓಡುತ್ತವೆ.

ಬ್ಯಾಗ್ ರೈಲಲ್ಲೇ ಬಿಟ್ಟೆ, ಅಥವಾ ಯಾರೋ ಕದ್ರು. ಆಗ?

ಬಿಟ್ಟಿದ್ದರೆ ‘ಝೆ ಉಬ್ಲಿಯೆ ಮೋಂ ಸಾಕ್ ದಾಂ ಲ ತ್ರ್ಯಾಂ’. ಕಳೆದ ವಸ್ತುಗಳ ಕೌಂಟರ್ ‘ಒಬ್ಝೆ ತ್ರುವೆ’. ಕದ್ದಿದ್ದರೆ ‘ಓಂ ಮಾ ವೊಲೆ ಮೋಂ ಸಾಕ್’. ಯಾರದೂ ಅಲ್ಲದ ಬ್ಯಾಗ್ ಕಂಡರೆ ಅವರು ಪೊಲೀಸರನ್ನು ಕರೆಸಿ ಸ್ಟೇಷನ್ನನ್ನೇ ಖಾಲಿ ಮಾಡಿಸುವುದುಂಟು. ಒಂದು ನಿಮಿಷ ನೀರಿನ ಬಾಟಲಿ ತರೋಕೆ ಹೋದರೂ ಸೂಟ್‌ಕೇಸ್ ಜೊತೆಗಿರಲಿ.

## ಸ್ವಲ್ಪ ಪಳಗಿದ ಮೇಲೆ

ಅವಿನ್ಯೋಂ ಅಂತ ಎರಡು ಸ್ಟೇಷನ್ ಇದೆಯಂತೆ. ಯಾವುದರಲ್ಲಿ ಇಳೀಬೇಕು?

ಹೆಸರಿನ ಕೊನೆಯಲ್ಲಿ ‘ತೇ ಝೇ ವೇ’ ಇದ್ದರೆ ಅದು ಊರಾಚೆ ಇರುವ ಹೊಸ ಸ್ಟೇಷನ್. ‘ಸಾಂತ್ರ್’ ಇದ್ದರೆ ಹಳೇ ಊರಿನ ಬಾಗಿಲಲ್ಲೇ. ಅವಿನ್ಯೋಂನಲ್ಲಿ ಎರಡರ ನಡುವೆ ಸಣ್ಣ ರೈಲು ಓಡುತ್ತೆ, ಐದಾರು ನಿಮಿಷದ ದಾರಿ. ಎಲ್ಲ ಕಡೆ ಈ ಅದೃಷ್ಟ ಇಲ್ಲ. ಉತ್ತರದ ‘ಓತ್ ಪಿಕಾರ್ದಿ’ ಟಿಜಿವಿ ಸ್ಟೇಷನ್ ಬೀಟ್‌ರೂಟ್ ಹೊಲಗಳ ನಡುವೆ ಇದೆ, ಜನ ಅದನ್ನು ಬೀಟ್‌ರೂಟ್ ಸ್ಟೇಷನ್ ಅಂತಲೇ ಕರೆಯುತ್ತಾರೆ. ಕೇಳೋದು ಹೀಗೆ: ‘ಎಸ್ ಕ ಸ ತ್ರ್ಯಾಂ ಸರೆತ್ ಆ ಅವಿನ್ಯೋಂ ಸಾಂತ್ರ್?’ — ಈ ರೈಲು ಅವಿನ್ಯೋಂ ಸಾಂತ್ರ್‌ನಲ್ಲಿ ನಿಲ್ಲುತ್ತಾ?

ರೈಲು ದಾರಿಯಲ್ಲಿ ಎರಡು ಭಾಗ ಆಗುತ್ತೆ ಅಂತಾರೆ. ಅದೇನು?

ಎರಡು ಟಿಜಿವಿಗಳನ್ನು ಜೋಡಿಸಿ ಒಟ್ಟಿಗೆ ಓಡಿಸುತ್ತಾರೆ. ಮೋಂಪಾರ್ನಾಸ್‌ನಿಂದ ಹೊರಟ ಕೆಲವು ರೈಲುಗಳು ರೆನ್‌ನಲ್ಲಿ ಬಿಡಿಯಾಗಿ, ಒಂದು ಬ್ರೆಸ್ತ್‌ಗೆ, ಇನ್ನೊಂದು ಕ್ಯಾಂಪೇರ್‌ಗೆ ಹೋಗುತ್ತೆ. ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ದಾಟೋಕೆ ದಾರಿ ಇಲ್ಲ. ಮೈಕಿನಲ್ಲಿ ‘ಆಂ ತೆತ್’ ಅಂದರೆ ಮುಂದಿನ ಭಾಗ, ‘ಆಂ ಕೊ’ ಅಂದರೆ ಹಿಂದಿನ ಭಾಗ. ‘ಲೇಟಾಯ್ತು, ಸಿಕ್ಕಿದ ಬಾಗಿಲಲ್ಲಿ ಹತ್ತಿ ಒಳಗೆ ನಡ್ಕೊಂಡು ಹೋಗೋಣ’ ಅನ್ನುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತೆ. ಹಾಗೇ ಹತ್ತಬೇಕಾಗಿ ಬಂದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಓಡಿ ಬದಲಿಸಿ.

ಪಿಯುಸಿಲಿ ಮಾರ್ಕ್ಸ್‌ಗೋಸ್ಕರ ಫ್ರೆಂಚ್ ತಗೊಂಡಿದ್ದೆ. ಆದ್ರೂ ಅವರು ಮಾತಾಡೋದು ಯಾಕೆ ಅರ್ಥ ಆಗಲ್ಲ?

ಪುಸ್ತಕದಲ್ಲಿ ಕಲಿತ ಅರ್ಧ ಪದಗಳನ್ನು ಅವರು ನುಂಗುತ್ತಾರೆ. ಗೊತ್ತಿಲ್ಲ ಅನ್ನೋದು ಪರೀಕ್ಷೆಯಲ್ಲಿ ‘ಝ ನ ಸೆ ಪಾ’, ಪ್ಲಾಟ್‌ಫಾರ್ಮಿನಲ್ಲಿ ‘ಶೆ ಪಾ’. ಇಲ್ಲ ಅನ್ನೋದು ‘ಇಲ್ ನ್ಯಾ ಪಾ’ ಅಲ್ಲ, ‘ಯಾ ಪಾ’. ‘ಯಾ ಪಾ ದ ತ್ರ್ಯಾಂ’ ಅಂದರು ಅಂದರೆ ರೈಲೇ ಇಲ್ಲ. ‘ಯಾ ಪ್ಯು ದ ಪ್ಲಾಸ್’ ಅಂದರೆ ಸೀಟು ಮುಗೀತು. ನಿಧಾನ ಮಾಡಿಸೋಕೆ: ‘ಪ್ಲ್ಯು ಲಾಂತ್‌ಮಾಂ, ಸಿಲ್ ವು ಪ್ಲೆ’.

ನಿಮ್ಮ ಪಿಯುಸಿ ಫ್ರೆಂಚ್ ವ್ಯರ್ಥವೇನಲ್ಲ, ಬೋರ್ಡುಗಳನ್ನು ನೀವು ಬೇರೆಯವರಿಗಿಂತ ಬೇಗ ಓದುತ್ತೀರಿ. ಕಿವಿ ಪಳಗಿಸೋಕೆ ಬೆಂಗಳೂರಿನಲ್ಲಿರುವವರು ವಸಂತನಗರದ ತಿಮ್ಮಯ್ಯ ರಸ್ತೆಯ ಆಲಿಯಾಂಸ್ ಫ್ರಾಂಸೇಜ಼್‌ನಲ್ಲಿ ಕ್ಲಾಸಿಗೆ ಸೇರಬಹುದು. ಇಲ್ಲ ಅಂದರೆ ಫ್ರೆಂಚ್ ಸ್ಟೇಷನ್ನುಗಳ ಪ್ರಕಟಣೆಗಳ ರೆಕಾರ್ಡಿಂಗ್ ಹುಡುಕಿ, ಕಣ್ಣು ಮುಚ್ಚಿ, ಬರೀ ನಂಬರುಗಳನ್ನು ಮಾತ್ರ ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ.

ಬ್ರಸೆಲ್ಸ್, ಜಿನೀವಾಗೂ ಹೋಗ್ತೀನಿ. ಇದೇ ಫ್ರೆಂಚ್ ನಡೆಯುತ್ತಾ?

ನಡೆಯುತ್ತೆ, ಅಂಕಿ ಮಾತ್ರ ಸುಲಭವಾಗುತ್ತೆ. ಬೆಲ್ಜಿಯಂ, ಸ್ವಿಟ್ಜರ್‌ಲೆಂಡ್ ಎರಡೂ ದೇಶದಲ್ಲಿ 70ಕ್ಕೆ ‘ಸೆಪ್ತಾಂತ್’, 90ಕ್ಕೆ ‘ನೋನಾಂತ್’, ಕೂಡಿಸುವ ಲೆಕ್ಕ ಬೇಡ. 80ಕ್ಕೆ ಬೆಲ್ಜಿಯಂನವರು, ಜಿನೀವಾದವರು ‘ಕಾತ್ರ್ ವ್ಯಾಂ’ ಅಂತಲೇ ಹೇಳುತ್ತಾರೆ. ಸ್ವಿಟ್ಜರ್‌ಲೆಂಡಿನಲ್ಲೇ ಲೊಜ಼ಾನ್ ಊರಿನ ಕಡೆ ಹೋದರೆ ‘ವೀತಾಂತ್’ ಕೇಳಿಸುತ್ತೆ. ಬ್ರಸೆಲ್ಸ್‌ನಲ್ಲಿ ಊರ ಹೆಸರುಗಳನ್ನು ಫ್ರೆಂಚ್ ಮತ್ತು ಡಚ್ ಎರಡರಲ್ಲೂ ಬರೆದಿರುತ್ತಾರೆ. ದಕ್ಷಿಣ ಸ್ಟೇಷನ್ ಫ್ರೆಂಚಿನಲ್ಲಿ ‘ಮಿದಿ’, ಡಚ್‌ನಲ್ಲಿ ‘ಜ಼ೌಡ್’, ಎರಡೂ ಒಂದೇ. ಪ್ಯಾರಿಸ್ ರೈಲು ಹೋಗಿ ನಿಲ್ಲೋದು ಅಲ್ಲೇ.